ಪದಚರ್ಚೆ: ಅನಿಲದ ‘ಪತ್ತೆ’, ಮನುಷ್ಯರ ‘ಗುರುತು’, ಎರಡಕ್ಕೂ ‘ಚಹರೆ’ ಒಪ್ಪೀತೆ?

ಬಳಗದ ಎಲ್ಲರಿಗೂ ನಮಸ್ಕಾರ.

ಬಳ್ಳಾರಿಯ ಐಟಿಐ ವಿದ್ಯಾರ್ಥಿಗಳಿಗಾಗಿ, ಬೆಳಕನ್ನು ಬಳಸುವ ಉಪಕರಣಗಳ ಕುರಿತು ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದೇನೆ. ಈ ಹುಡುಗರಲ್ಲಿ ಅನೇಕರು ಮುಂದೆ ತೋರಣಗಲ್ಲು, ಗಿಣಿಗೇರಾ, ಶಕ್ತಿನಗರದ ಕಡೆಯ ಕಾರ್ಖಾನೆಗಳಿಗೂ ವಿದ್ಯುತ್ ಸ್ಥಾವರಗಳಿಗೂ ಕೆಲಸಕ್ಕೆ ಹೋಗುವವರು. ಇಂಥ ಕಡೆಗಳಲ್ಲಿ ಗೇಟಿನ ಹಾಜರಿ ಯಂತ್ರವು ಬೆರಳನ್ನೋ ಮುಖವನ್ನೋ ಕಣ್ಣನ್ನೋ ನೋಡಿ ಒಳಗೆ ಬಿಡುತ್ತದೆ. ಒಳಗೆ ಊದುಕುಲುಮೆಯ ಕೊಳವೆಗೋ ಚಿಮಣಿಗೋ ಜೋಡಿಸಿದ ಇನ್ನೊಂದು ಯಂತ್ರವು ಯಾವ ಅನಿಲ ಎಷ್ಟಿದೆ ಎಂಬುದನ್ನು ತೋರಿಸುತ್ತದೆ. ಎರಡರ ಹಿಂದೆಯೂ ಅನೇಕ ಸಲ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕೇ ಇರುವುದರಿಂದ, ಎರಡನ್ನೂ ಒಂದೇ ಅಧ್ಯಾಯದಲ್ಲಿ ವಿವರಿಸುವುದು ನನ್ನ ಯೋಜನೆ. ಆದರೆ ಈ ಯಂತ್ರಗಳು ಮಾಡುವ ಕೆಲಸಕ್ಕೆ ಯಾವ ಕ್ರಿಯಾಪದವನ್ನು ಬಳಸಬೇಕೆಂಬುದು ಇನ್ನೂ ಬಗೆಹರಿದಿಲ್ಲ.

ಮೊದಲು ನೆನಪಾಗುವ ಪದ ‘ಕಂಡುಹಿಡಿ’. ಕನ್ನಡದಲ್ಲಿ ಕಂಡುಹಿಡಿಯುವುದೆಂದರೆ ಇಲ್ಲದ್ದನ್ನು ಹೊಸದಾಗಿ ಮಾಡುವುದೂ ಹೌದು, ಇದ್ದೂ ತಿಳಿಯದೆ ಇದ್ದುದನ್ನು ಲೋಕಕ್ಕೆ ತಿಳಿಸುವುದೂ ಹೌದು. ಪ್ರೀಸ್ಟ್ಲಿ 1774ರಲ್ಲಿ ಆಮ್ಲಜನಕವನ್ನು ಕಂಡುಹಿಡಿದನೆಂದು ಶಾಲೆಯಲ್ಲಿ ಓದಿದ ಹುಡುಗನು, ಚಿಮಣಿಯ ಮೇಲಿನ ಪೆಟ್ಟಿಗೆಯೊಂದು ದಿನವೂ ಗಂಧಕದ ಡೈಆಕ್ಸೈಡನ್ನು ಕಂಡುಹಿಡಿಯುತ್ತದೆ ಎಂಬ ಸಾಲನ್ನು ಓದಿದರೆ ನಕ್ಕಾನು. ‘ಅನಿಲ ಕಂಡುಹಿಡಿಯುವ ಯಂತ್ರವನ್ನು ಕಂಡುಹಿಡಿದ ವಿಜ್ಞಾನಿ’ ಎಂಬಂಥ ವಾಕ್ಯವನ್ನಂತೂ ಯಾರ ಮುಂದೆಯೂ ಇಡಲಾಗದು. ಬರಿಯ ‘ಹಿಡಿ’ ಇದಕ್ಕಿಂತ ಎಷ್ಟೋ ಚೆನ್ನಾಗಿದೆ. ನಾಯಿ ವಾಸನೆ ಹಿಡಿಯುವಂತೆ ಮೀಟರ್ ಗ್ಯಾಸ್ ಹಿಡಿಯುತ್ತದೆ ಎಂದರೆ ಯಾರಿಗಾದರೂ ತಿಳಿಯುತ್ತದೆ. ತೊಂದರೆಯೆಂದರೆ, ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಜವಾಗಿಯೇ ಹಿಡಿದು ಕೂಡಿಡುವ ತಂತ್ರವೂ ಈಗ ಇದೆ. ‘ಅನಿಲ ಹಿಡಿಯುವ ಯಂತ್ರ’ ಎಂದಾಗ ಯಾವುದು ಎಂಬ ಸಂಶಯ ಉಳಿಯುತ್ತದೆ.

ಪತ್ರಿಕೆಗಳಿಗೆ ಒಗ್ಗಿರುವ ಪದ ‘ಪತ್ತೆ’. ಇದು ಹಿಂದಿ, ಉರ್ದು, ಮರಾಠಿಗಳ ಪತಾ, ಪತ್ತಾಗಳ ಬಳಗಕ್ಕೆ ಸೇರಿದ್ದು. ಅಲ್ಲಿ ಅದಕ್ಕೆ ವಿಳಾಸ ಎಂಬ ಅರ್ಥವೂ ಇದೆ. ಆ ಅರ್ಥದ ನೆರಳು ಕನ್ನಡದಲ್ಲೂ ಉಳಿದಿದೆಯೆಂದು ನನ್ನ ಅಭಿಪ್ರಾಯ: ತಪ್ಪಿಸಿಕೊಂಡ ಎಮ್ಮೆ, ತಲೆಮರೆಸಿಕೊಂಡ ಆರೋಪಿ, ಕದ್ದ ಬೈಕು ಇವು ಪತ್ತೆಯಾಗುತ್ತವೆ, ಅಂದರೆ ಎಲ್ಲಿವೆ ಎಂಬುದು ತಿಳಿಯುತ್ತದೆ. ಕೊಳವೆಮಾರ್ಗದ ಉದ್ದಕ್ಕೂ ನಡೆಯುತ್ತ, ಕೈಯಲ್ಲಿನ ಲೇಸರನ್ನು ನೆಲದತ್ತ ಬೀರುತ್ತ ಮೀಥೇನ್ ಎಲ್ಲಿ ಸೋರುತ್ತಿದೆ ಎಂದು ನೋಡುವವನ ಕೆಲಸಕ್ಕೆ ‘ಸೋರಿಕೆ ಪತ್ತೆ’ ಎಂಬುದು ಬಹಳ ಚೆನ್ನಾಗಿ ಒಪ್ಪುತ್ತದೆ. ಒಂದೇ ಕಡೆ ಕುಳಿತು, ತನ್ನೊಳಗೆ ಹಾಯುವ ಹೊಗೆಯಲ್ಲಿ ಏನಿದೆ ಎಂದು ಹೇಳುವ ಯಂತ್ರಕ್ಕೆ ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಪ್ರಶ್ನೆ ‘ಎಲ್ಲಿ’ ಎಂಬುದಲ್ಲ, ‘ಯಾವುದು, ಎಷ್ಟು’ ಎಂಬುದು.

ಈ ‘ಯಾವುದು, ಎಷ್ಟು’ ತಿಳಿಯುವ ಬಗೆಯನ್ನು ಸ್ವಲ್ಪ ವಿವರಿಸಿದರೆ ನನ್ನ ಕಷ್ಟ ಸ್ಪಷ್ಟವಾದೀತು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಲ್ 1859ರಲ್ಲಿ ಅನಿಲ ತುಂಬಿದ ಕೊಳವೆಯ ಮೂಲಕ ಶಾಖದ ಕಿರಣಗಳನ್ನು ಹಾಯಿಸಿ, ಸಾರಜನಕ, ಆಮ್ಲಜನಕಗಳು ಅವುಗಳನ್ನು ಹೆಚ್ಚುಕಡಿಮೆ ಹಾಗೆಯೇ ಬಿಟ್ಟುಕೊಡುತ್ತವೆ, ನೀರಾವಿ, ಇಂಗಾಲದ ಡೈಆಕ್ಸೈಡ್ ಮುಂತಾದವು ಹೀರಿಕೊಳ್ಳುತ್ತವೆ ಎಂದು ತೋರಿಸಿದರು. ಹೀರುವ ಪ್ರತಿಯೊಂದು ಅನಿಲಕ್ಕೂ ತನ್ನದೇ ಆದ ಅಲೆಯುದ್ದಗಳಿವೆ: ಮೀಥೇನಿಗೆ ಸುಮಾರು 3.3 ಮೈಕ್ರೋಮೀಟರ್, ಇಂಗಾಲದ ಡೈಆಕ್ಸೈಡಿಗೆ 4.26, ಇಂಗಾಲದ ಮಾನಾಕ್ಸೈಡಿಗೆ 4.7ರ ಆಸುಪಾಸು. ಯಾವ ಅಲೆಯುದ್ದದ ಬೆಳಕು ಕುಗ್ಗಿತು ಎಂಬುದರಿಂದ ಅನಿಲ ಯಾವುದೆಂದೂ, ಎಷ್ಟು ಕುಗ್ಗಿತು ಎಂಬುದರಿಂದ ಅದರ ಪ್ರಮಾಣ ಎಷ್ಟೆಂದೂ ತಿಳಿಯುತ್ತದೆ. ಹಾಗಿದ್ದರೆ ಯಂತ್ರವು ಅನಿಲವನ್ನು ಪತ್ತೆ ಮಾಡಿತೋ, ಗುರುತಿಸಿತೋ, ಅಳೆಯಿತೋ? ಮೂರನ್ನೂ ಒಂದೇ ಸಲಕ್ಕೆ ಮಾಡಿತೆನ್ನಬೇಕು. (ಕೆಲಸಗಾರರು ಎದೆಗೆ ಸಿಕ್ಕಿಸಿಕೊಳ್ಳುವ ಮಾನಾಕ್ಸೈಡ್ ಮೀಟರಿನಲ್ಲಿ ಸಾಮಾನ್ಯವಾಗಿ ಬೆಳಕಿನ ಕೆಲಸವಿಲ್ಲ, ಅದರೊಳಗಿರುವುದು ವಿದ್ಯುತ್-ರಾಸಾಯನಿಕ ಕೋಶ, ಆದ್ದರಿಂದ ‘ಬೆಳಕಿನ ಮೀಟರ್’ ಎಂಬ ಹೆಸರನ್ನು ಎಲ್ಲಕ್ಕೂ ಅಂಟಿಸುವಂತಿಲ್ಲ. ಯಾವುದೇ ಆಗಲಿ, ಅದು ಎಚ್ಚರಿಸಿದಾಗ ‘ಮೀಟರ್ ಒದರಾಕತ್ತೈತಿ’ ಎನ್ನುವುದು ಇಲ್ಲಿನ ಮಾತಿಗೆ ಸಹಜವಾದ ವಾಕ್ಯ, ‘ಎಚ್ಚರಿಕೆಯ ಸಂಜ್ಞೆಯನ್ನು ಹೊರಡಿಸುತ್ತಿದೆ’ ಎಂಬುದಕ್ಕಿಂತ ನೂರು ಪಾಲು ಮೇಲು.)

ಮನುಷ್ಯರ ವಿಷಯದಲ್ಲಿ ‘ಗುರುತು’ ಗಟ್ಟಿಯಾಗಿ ನಿಂತಿದೆ. ಇದು ಗುರಿ ಎಂಬುದರ ಜೊತೆಯ, ತಮಿಳಿನ ಕುಱಿಯ ಸಂಬಂಧಿಯಾದ ಅಚ್ಚ ದ್ರಾವಿಡ ಪದ. ನಮ್ಮ ‘ಗುರುತು ಹಿಡಿ’ಗೆ ತೆಲುಗಿನಲ್ಲಿ ‘ಗುರ್ತುಪಟ್ಟು’ ಇದೆ. ಅಲ್ಲಿಯೂ ಹಿಡಿಯುವುದೇ, ಎರಡೂ ಭಾಷೆಗಳನ್ನಾಡುವ ಬಳ್ಳಾರಿ ಸೀಮೆಯಲ್ಲಿ ಇವು ಅಕ್ಕಪಕ್ಕ ಕೇಳಿಬರುತ್ತವೆ. ಆದರೆ ಯಂತ್ರಗಳು ಮಾಡುವುದು ಎರಡು ಬೇರೆ ಕೆಲಸಗಳನ್ನು. ನ್ಯಾಯಬೆಲೆ ಅಂಗಡಿಯಲ್ಲಿ ಕಾರ್ಡಿನವರು ‘ಥಂಬ್ ಕೊಟ್ಟಾಗ’ ಯಂತ್ರವು ಆ ಒಬ್ಬರ ಹಳೆಯ ದಾಖಲೆಯೊಂದಿಗೆ ಮಾತ್ರ ಹೋಲಿಸುತ್ತದೆ; ಇದಕ್ಕೆ ‘ತಾಳೆ ನೋಡು’ ಎಂಬ ಲೆಕ್ಕಪತ್ರದ ಹಳೆಯ ಮಾತು ಹೇಳಿಮಾಡಿಸಿದಂತಿದೆ. ಹೆಸರೇ ಹೇಳದೆ ಬಂದು ನಿಂತವರು ಸಾವಿರಾರು ಜನರಲ್ಲಿ ಯಾರು ಎಂದು ಹೇಳುವುದು ಮಾತ್ರವೇ ‘ಗುರುತು ಹಿಡಿಯುವುದು’. ಈ ಭೇದವನ್ನು ಮರೆತು ಎರಡಕ್ಕೂ ‘ಗುರುತಿಸುವಿಕೆ’ ಎಂದು ಬರೆಯುವುದು ಆಲಸ್ಯದ ರೂಢಿಯೆಂದೇ ಹೇಳುತ್ತೇನೆ.

ಕಣ್ಣಿಗೆ ಬಂದರೆ ಇನ್ನೊಂದು ಇಕ್ಕಟ್ಟು. ಐರಿಸ್, ಅಂದರೆ ಕಣ್ಣಿನ ನಡುವಿನ ಕಪ್ಪು ಕಿಂಡಿಯ ಸುತ್ತ ಇರುವ ಬಣ್ಣದ ಬಳೆ, ಎಂಬುದಕ್ಕೆ ನಮ್ಮಲ್ಲಿ ‘ವರ್ಣಪಟಲ’ ಎಂಬ ಪದ ಬಳಕೆಯಲ್ಲಿದೆ. ಬೆಳಕು ಬಣ್ಣಗಳಾಗಿ ಹರಡಿದ ಪಟ್ಟಿಗೂ ಅನೇಕರು ‘ವರ್ಣಪಟಲ’ವೆಂದೇ ಬರೆಯುತ್ತಾರೆ. ಗ್ರೀಕಿನಲ್ಲಿ ಐರಿಸ್ ಎಂದರೆ ಕಾಮನಬಿಲ್ಲು ಎಂಬುದನ್ನು ನೆನೆದರೆ ಈ ಗೊಂದಲ ನಮ್ಮೊಬ್ಬರದೇ ಅಲ್ಲವೆಂದು ಸಮಾಧಾನಪಡಬಹುದು, ಆದರೆ ಅನಿಲವೂ ಕಣ್ಣೂ ಒಟ್ಟಿಗೆ ಬರುವ ನನ್ನ ಅಧ್ಯಾಯದಲ್ಲಿ ಸಮಾಧಾನ ಸಾಲದು. ಕೇಂಬ್ರಿಜ್‌ನ ಜಾನ್ ಡಾಗ್‌ಮನ್ ರೂಪಿಸಿದ, 1994ರಲ್ಲಿ ಪೇಟೆಂಟ್ ಪಡೆದ ವಿಧಾನವು ಐರಿಸ್ಸಿನ ಎಳೆಗಳ ವಿನ್ಯಾಸವನ್ನು ಸಂಖ್ಯೆಗಳಾಗಿ ಬದಲಿಸುತ್ತದೆ. ನಮ್ಮಂಥವರ ಕಡುಕಂದು ಕಣ್ಣುಗಳಲ್ಲಿ ಆ ಎಳೆಗಳು ಸಾಮಾನ್ಯ ಬೆಳಕಿನಲ್ಲಿ ಮೆಲನಿನ್ ಎಂಬ ಕಡುಬಣ್ಣದ ವಸ್ತುವಿನಿಂದಾಗಿ ಸರಿಯಾಗಿ ಕಾಣುವುದಿಲ್ಲ, ಕೆಂಪಿಗೆ ಸಮೀಪದ ಅವಕೆಂಪು ಬೆಳಕಿನಲ್ಲಿ ಎದ್ದು ಕಾಣುತ್ತವೆ. ಆಧಾರ್ ನೋಂದಣಿಯ ಕ್ಯಾಮೆರಾ ಕೂಡ ಆ ಬೆಳಕನ್ನೇ ಬಳಸುತ್ತದೆ. ‘ವರ್ಣಪಟಲದ ಈ ಭಾಗದ ಬೆಳಕಿನಲ್ಲಿ ವರ್ಣಪಟಲ ಸ್ಪಷ್ಟವಾಗುತ್ತದೆ’ ಎಂದು ಬರೆಯಲಾದೀತೆ? ಬಣ್ಣಗಳ ಪಟ್ಟಿಗೆ ಪಠ್ಯಪುಸ್ತಕಗಳ ‘ರೋಹಿತ’ವನ್ನೇ ಉಳಿಸಿಕೊಂಡು, ಕಣ್ಣಿನದಕ್ಕೆ ‘ಐರಿಸ್’ ಎಂದು ಬಿಡುವುದು ನನ್ನ ನಿರ್ಧಾರ. ‘ಪಾಪೆ’ ಎನ್ನುವಂತಿಲ್ಲ, ಅದು ನಡುವಿನ ಕಪ್ಪು ಕಿಂಡಿ. ‘ಅವಕೆಂಪು’ ಅರಿಸಮಾಸವೆಂದು ಆಕ್ಷೇಪಿಸುವವರು ಇದ್ದಾರು; ಬೇರೂರಿದ ಪದವನ್ನು ಕೀಳುವ ಉದ್ದೇಶ ನನಗಿಲ್ಲ.

ಇನ್ನು ನಾನು ಮುಂದಿಡಬಯಸುವ ಪದ. ಅವಕೆಂಪು ರೋಹಿತದಲ್ಲಿ ಒಂದೊಂದು ವಸ್ತುವಿಗೂ ವಿಶಿಷ್ಟವಾದ ಗೆರೆಗಳು ಒತ್ತಾಗಿ ಬರುವ ಒಂದು ವಲಯವನ್ನು ಇಂಗ್ಲಿಷಿನ ರಸಾಯನಶಾಸ್ತ್ರಜ್ಞರು ‘ಫಿಂಗರ್‌ಪ್ರಿಂಟ್’ ವಲಯ ಎನ್ನುತ್ತಾರೆ. ಬೆರಳಚ್ಚಿಗೂ ಅವಕೆಂಪಿಗೂ ಒಂದು ಮನೆತನದ ನಂಟೂ ಉಂಟು: 1800ರಲ್ಲಿ ಕೆಂಪಿನ ಆಚೆಗೆ ಉಷ್ಣಮಾಪಕವನ್ನಿಟ್ಟು ಆ ಕಾಣದ ಕಿರಣಗಳನ್ನು ತೋರಿಸಿದವರು ವಿಲಿಯಂ ಹರ್ಷೆಲ್, 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ, ಕರಾರು ಪತ್ರವೊಂದರ ಬೆನ್ನಿಗೆ ಗುತ್ತಿಗೆದಾರನ ಅಂಗೈ ಒತ್ತಿಸಿಕೊಂಡ ಅಧಿಕಾರಿ ಅವರ ಮೊಮ್ಮಗ, ಅದೇ ಹೆಸರಿನವರು. ಆದರೂ ‘ಮೀಥೇನಿನ ಬೆರಳಚ್ಚು’ ಎಂದರೆ ಕನ್ನಡದ ಕಿವಿಗೆ ವಿಚಿತ್ರವಾಗಿ ಕೇಳುತ್ತದೆ. ಅದರ ಬದಲು ‘ಚಹರೆ’ ಆಗದೇ? ಮುಖವೆಂಬ ಅರ್ಥದ ಫಾರಸಿ ಪದವಾದರೂ, ಕಾಣೆಯಾದವರ ಪ್ರಕಟಣೆಗಳ ‘ಚಹರೆಪಟ್ಟಿ’ಯಲ್ಲಿ, ಕೋಲುಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು ಎಂಬಲ್ಲಿ, ಅದು ಮುಖವನ್ನು ದಾಟಿ ‘ಗುರುತಿಗೆ ನೆರವಾಗುವ ಲಕ್ಷಣಗಳ ಒಟ್ಟು’ ಎಂಬ ಅರ್ಥವನ್ನು ಪಡೆದಾಗಿದೆ. ಆಗ ‘ಯಂತ್ರವು ಅನಿಲದ ಚಹರೆಯನ್ನು ನೋಡಿ ಗುರುತಿಸುತ್ತದೆ’, ‘ಐರಿಸ್ಸಿನ ಚಹರೆಯನ್ನು ತಾಳೆ ನೋಡುತ್ತದೆ’ ಎಂದು ಎರಡು ಕಡೆಗೂ ಒಂದೇ ನಾಮಪದದಿಂದ ಸಾಗಬಹುದು. ‘ಪತ್ತೆ’ಯನ್ನು ಸೋರಿಕೆಗೆ ಬಿಟ್ಟುಕೊಡಬಹುದು.

ಇದಕ್ಕೆ ನನಗೇ ತೋರುವ ಆಕ್ಷೇಪ ಒಂದಿದೆ: ಪ್ರಕಟಣೆಗಳ ಸಹವಾಸದಿಂದ ‘ಚಹರೆ’ಗೆ ಪೊಲೀಸ್ ಠಾಣೆಯ ವಾಸನೆ ಹತ್ತಿದೆ, ಹಾಜರಿ ಹಾಕಲು ನಿಂತ ಕೆಲಸಗಾರನಿಗೆ ಅದು ಹಿತವೆನಿಸಲಾರದು. ರಾಯಚೂರು, ಕೊಪ್ಪಳಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು, ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು. ಆದ್ದರಿಂದ ಉರ್ದು ದಫ್ತರುಗಳ ಬಳಕೆಯಲ್ಲಿ ‘ಚಹರೆ’ಗೆ ಇನ್ನೂ ಸೌಮ್ಯವಾದ ಅರ್ಥ ಇದ್ದಿತೇ ಎಂಬುದನ್ನು ರಾಯಚೂರು, ಕೊಪ್ಪಳದ ಕಡೆಯ ಹಿರಿಯರು ತಿಳಿಸಬೇಕೆಂದು ಕೋರುತ್ತೇನೆ. ಹಟ್ಟಿಯ ಚಿನ್ನದ ಗಣಿಯಲ್ಲಿ ಅಥವಾ ಶಕ್ತಿನಗರದ ಸ್ಥಾವರದಲ್ಲಿ ದುಡಿದವರು ಯಾರಾದರೂ ಬಳಗದಲ್ಲಿದ್ದರೆ, ಅನಿಲ ಅಳೆಯುವ ಪೆಟ್ಟಿಗೆಯನ್ನು ತಮ್ಮತಮ್ಮಲ್ಲಿ ಏನೆಂದು ಕರೆಯುತ್ತಿದ್ದರು, ಅದು ಕೆಲಸ ಮಾಡುವುದನ್ನು ಯಾವ ಕ್ರಿಯಾಪದದಿಂದ ಹೇಳುತ್ತಿದ್ದರು ಎಂಬುದನ್ನು ಉಚ್ಚಾರಣೆಯ ಸಮೇತ ಬರೆಯಬೇಕಾಗಿ ವಿನಂತಿ.