ಹೆದರಿದ ಜಾಗದಿಂದಲೇ ಮಾತು ಶುರುವಾಗಲಿ: ಹಾರರ್ ನೋಡಿ ಚರ್ಚಿಸುವವರ ಅನುಭವಗಳು

ಕೇಳಿದ್ದು, ಹಾಸನದಿಂದ:

ನಾವು ಆರು ಜನ. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಹಾರರ್ ಸಿನಿಮಾ ನೋಡುತ್ತೇವೆ. ಕೆಲವು ಸಲ ಕಥೆ ಓದುತ್ತೇವೆ. ನೋಡುವುದು ಚೆನ್ನಾಗಿಯೇ ನಡೆಯುತ್ತದೆ. ಆಮೇಲಿನ ಮಾತು ಮಾತ್ರ ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. "ಸಕತ್ ಹೆದರಿಕೆ ಆಯ್ತು", "ನಂಗೇನೂ ಆಗ್ಲಿಲ್ಲ", ಅಷ್ಟೇ. ನಮ್ಮಲ್ಲಿ ಒಬ್ಬರು ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದಾರೆ. ಅವರು ಮನೋವಿಶ್ಲೇಷಣೆಯ ಫ್ರಾಯ್ಡ್ ಹೆಸರು ಎತ್ತಿದರೆ ಉಳಿದವರು ಸುಮ್ಮನಾಗುತ್ತಾರೆ. ಅವರಿಗೂ ಬೇಜಾರು, ನಮಗೂ ಬೇಜಾರು. ಸಿನಿಮಾ ಇಷ್ಟಪಡುವವರೂ ಓದಿಕೊಂಡವರೂ ಒಟ್ಟಿಗೆ ಕೂತು ಮಾತಾಡಲು ಏನು ಮಾಡಬೇಕು? ಮಾಡಿ ನೋಡಿದವರು ಹೇಳಿ.

ಹಾಸನದ ಒಬ್ಬ ಹೈಸ್ಕೂಲ್ ಮೇಷ್ಟ್ರು:

ನಮಗೂ ಎರಡು ವರ್ಷ ಇದೇ ತೊಂದರೆ ಇತ್ತು. ಅದನ್ನು ಬಿಡಿಸಿದ್ದು ಒಂದು ಚೀಟಿ.

ಸಿನಿಮಾ ಶುರುವಾಗುವ ಮುಂಚೆ ಎಲ್ಲರಿಗೂ ಒಂದು ಚೀಟಿ, ಒಂದು ಪೆನ್ಸಿಲ್ ಕೊಡುತ್ತೇವೆ. ಮೈ ಜುಮ್ ಎಂದ ಕೂಡಲೇ ಎಷ್ಟನೇ ನಿಮಿಷ ಅಂತ ಬರೆಯಬೇಕು. ಯಾಕೆ ಅಂತ ಬರೆಯುವ ಹಾಗಿಲ್ಲ. ನಿಮಿಷ ಮಾತ್ರ. ಸಿನಿಮಾ ಮುಗಿದ ಮೇಲೆ ಚೀಟಿಗಳನ್ನು ನೆಲದ ಮೇಲೆ ಹರಡುತ್ತೇವೆ. ಜಾಸ್ತಿ ಜನ ಬರೆದ ನಿಮಿಷಕ್ಕೆ ಹಿಂದೆ ಹೋಗಿ ಆ ದೃಶ್ಯವನ್ನು ಮತ್ತೆ ಹಾಕುತ್ತೇವೆ.

ಮೊದಲ ಸಲ ಇದನ್ನು ಮಾಡಿದ್ದು 'ಆಪ್ತಮಿತ್ರ'ಕ್ಕೆ. 2004ರ ಸಿನಿಮಾ, ಎಲ್ಲರೂ ಹತ್ತು ಸಲ ನೋಡಿದ್ದೇ. ಗಂಗಾ ಮೈಮೇಲೆ ನಾಗವಲ್ಲಿ ಬಂದ ಹಾಗೆ ಕುಣಿಯುವ ಜಾಗವನ್ನೇ ಎಲ್ಲರೂ ಬರೆದಿರುತ್ತಾರೆ ಅಂದುಕೊಂಡಿದ್ದೆ. ಅಲ್ಲ. ಏಳರಲ್ಲಿ ಐದು ಚೀಟಿ ಅದಕ್ಕೂ ಮುಂಚಿನದು. ಗಂಡ ಹೊರಗೆ ಹೋಗಬೇಡ ಅಂದಾಗ ಗಂಗಾಳ ಮುಖ ನಿಧಾನವಾಗಿ ಬೇರೆಯಾಗುತ್ತದಲ್ಲ, ಆ ಜಾಗ. ಅಲ್ಲಿ ಕಾಣುವುದು ಗಂಡ ಹೆಂಡತಿ ಆಡುವ ಮನೆಮಾತು. ದೆವ್ವ ಎಲ್ಲೂ ಇಲ್ಲ. ಗಂಗಾ ಆಗಿ ನಟಿಸಿದ ಸೌಂದರ್ಯ ಅವರ ಕಣ್ಣು, ದನಿ, ಅಷ್ಟರಲ್ಲೇ ಎಲ್ಲ ನಡೆದುಹೋಗುತ್ತದೆ.

"ಇದ್ಯಾಕೆ ಹೀಗೆ ಹೆದರಿಸ್ತು?" ಅಂತ ಒಬ್ಬರು ಕೇಳಿದರು. ನಮ್ಮ ಗುಂಪಿನ ತೆಂಗಿನ ವ್ಯಾಪಾರಿಯೊಬ್ಬರು ಹೇಳಿದ್ದು ಇವತ್ತಿಗೂ ನೆನಪಿದೆ: "ಹೊರಗಿನವರು ಹೆದರಿಸಿದ್ರೆ ಮನೆಗೆ ಓಡಿ ಬರಬಹುದು. ಮನೆಯವರೇ ಹೊರಗಿನವರಾದ್ರೆ ಎಲ್ಲಿಗೆ ಓಡೋದು?" ಅದಾದ ಮೇಲೆ ಓದಿಕೊಂಡ ಗೆಳೆಯರೊಬ್ಬರು ಹೇಳಿದರು, 1919ರಲ್ಲಿ ಫ್ರಾಯ್ಡ್ ಬರೆದ ಒಂದು ಪ್ರಬಂಧ ಇದರ ಸುತ್ತಲೇ ಇದೆ ಅಂತ. ಅವನು ಹಿಡಿದುಕೊಂಡ ಜರ್ಮನ್ ಪದದ ಒಳಗೇ 'ಮನೆ' ಇದೆ. ಬಹಳ ಪರಿಚಯದ್ದು ಅಪರಿಚಿತವಾಗಿ ಎದುರು ನಿಲ್ಲುವುದು, ಆಗ ಹುಟ್ಟುವ ಹೆದರಿಕೆ. ಆ ದಿನ ಯಾರೂ ಎದ್ದು ಹೋಗಲಿಲ್ಲ. ಪ್ರಶ್ನೆ ನಮ್ಮದಾಗಿತ್ತು, ಅವರು ಉತ್ತರ ತಂದುಕೊಟ್ಟರು. ನಿಮ್ಮ ಎಂ.ಎ. ಗೆಳೆಯರಿಗೂ ಇದನ್ನೇ ಹೇಳಿ. ಮೊದಲು ಚೀಟಿ, ಆಮೇಲೆ ಫ್ರಾಯ್ಡ್.

ಇನ್ನೊಂದು ಮಾತು. ಅದೇ ಸಿನಿಮಾದಲ್ಲಿ ಡಾಕ್ಟರು ಇದು ಮನೋರೋಗ ಅನ್ನುತ್ತಾರೆ. ಗುಣಪಡಿಸುವುದು ಮಾತ್ರ ಪೂಜೆ, ಮಂತ್ರ, ಬೊಂಬೆ ಇಟ್ಟು ಆಡುವ ಆಟದಿಂದ. ಹಾಗಾದರೆ ಸಿನಿಮಾ ಯಾರ ಕಡೆ? ಈ ಒಂದು ಪ್ರಶ್ನೆಗೆ ನಾವು ರಾತ್ರಿ ಹನ್ನೊಂದರ ತನಕ ಜಗಳ ಆಡಿದ್ದೇವೆ. ಮುಂದಿನ ತಿಂಗಳು ಅದರ ಮೂಲ ನೋಡಿದೆವು, 1993ರ ಮಲಯಾಳಂ 'ಮಣಿಚಿತ್ರತಾಳ್'. ಒಂದೇ ದೃಶ್ಯವನ್ನು ಎರಡು ಭಾಷೆಯಲ್ಲಿ ಒಂದರ ಹಿಂದೆ ಒಂದು ನೋಡಿ. ಎಲ್ಲಿ ದನಿ ಏರಿಸಿದ್ದಾರೆ, ಎಲ್ಲಿ ಸುಮ್ಮನೆ ಬಿಟ್ಟಿದ್ದಾರೆ, ತಾನಾಗಿ ಕಾಣುತ್ತದೆ.

ಸಕಲೇಶಪುರದಿಂದ:

ನಾನು ಪಂಡಿತನಲ್ಲ, ತೋಟ ನೋಡಿಕೊಳ್ಳುವವನು. ನನಗೆ ಗೊತ್ತಿರುವುದು ಶಬ್ದ. ಮಳೆಗಾಲದಲ್ಲಿ ಕರೆಂಟ್ ಹೋಗಿ ಎರಡು ದಿನ ಬಾರದಿದ್ದಾಗ ಮನೆಯ ಒಂದೊಂದು ಸದ್ದೂ ಬೇರೆ ಬೇರೆಯಾಗಿ ಕೇಳುತ್ತದೆ. ಹೆಂಚಿನ ಮೇಲೆ ಬಿದ್ದ ಕೊಂಬೆ ಯಾವುದು, ನಡೆದ ಬೆಕ್ಕು ಯಾವುದು, ಗೊತ್ತಾಗುತ್ತದೆ. ಗೊತ್ತಾಗದ ಒಂದು ಸದ್ದು ಬಂದರೆ ಎದೆ ನಿಲ್ಲುತ್ತದೆ.

ಹಾಗಾಗಿ ಒಂದು ಕೆಲಸ ಮಾಡಿ. 'ಸೈಕೋ' (1960) ಸಿನಿಮಾದ ಸ್ನಾನದ ಮನೆಯ ದೃಶ್ಯವನ್ನು ಎರಡು ಸಲ ಹಾಕಿ. ಒಂದು ಸಲ ಶಬ್ದ ತೆಗೆದು, ಒಂದು ಸಲ ಶಬ್ದದ ಜೊತೆ. ನಿರ್ದೇಶಕ ಹಿಚ್‌ಕಾಕ್ ಆ ದೃಶ್ಯಕ್ಕೆ ಸಂಗೀತವೇ ಬೇಡ ಅಂದುಕೊಂಡಿದ್ದರು. ಸಂಗೀತ ಮಾಡಿದ ಬರ್ನಾರ್ಡ್ ಹರ್ಮನ್ ಪಿಟೀಲುಗಳಿಗೆ ಬರೆದು ಕೇಳಿಸಿದ ಮೇಲೆ ಮನಸ್ಸು ಬದಲಾಯಿಸಿದರು. ಶಬ್ದ ತೆಗೆದು ನೋಡಿದಾಗ ನಮ್ಮ ಹುಡುಗರಿಗೆ ಅದು ತುಂಡು ತುಂಡು ಚಿತ್ರವಾಗಿ ಕಂಡಿತು. ಕತ್ತರಿಸಿ ಜೋಡಿಸಿದ್ದು ಹೇಗೆ ಅಂತ ಗಮನ ಹೋಯಿತು. ಶಬ್ದ ಹಾಕಿದಾಗ ಒಬ್ಬ ಕಣ್ಣು ಮುಚ್ಚಿಕೊಂಡ. ಕಣ್ಣು ಮುಚ್ಚಿದರೂ ತಪ್ಪಿಸಿಕೊಳ್ಳಲು ಆಗಲಿಲ್ಲ, ಯಾಕೆಂದರೆ ಹೆದರಿಸುತ್ತಿದ್ದದ್ದು ಕಿವಿಯಿಂದ. ಆ ರಕ್ತ ಚಾಕೊಲೇಟ್ ಸಿರಪ್ ಅಂತ ಆಮೇಲೆ ಹೇಳಿ, ಮೊದಲೇ ಹೇಳಬೇಡಿ.

ಬೇಲೂರಿನಿಂದ:

ನೋಡುವಾಗ ನಿಲ್ಲಿಸಿ ನಿಲ್ಲಿಸಿ ಮಾತಾಡಬೇಡಿ. ನಾವು ಹಾಗೆ ಮಾಡಿ ಮೂರು ಒಳ್ಳೆಯ ಸಿನಿಮಾ ಹಾಳು ಮಾಡಿಕೊಂಡೆವು.

ಚಿಕ್ಕಮಗಳೂರಿನಿಂದ, ಸಂಶೋಧನೆ ಮಾಡುತ್ತಿರುವವಳು:

ನಿಮ್ಮ ಎಂ.ಎ. ಗೆಳೆಯರ ಕಷ್ಟ ನನ್ನದೂ ಹೌದು. ಓದಿದ್ದನ್ನು ಹೇಳದೆ ಇರಲು ಆಗುವುದಿಲ್ಲ. ಹೇಳಿದರೆ ಮಾತು ಸತ್ತುಹೋಗುತ್ತದೆ. ನನಗೆ ದಾರಿ ತೋರಿಸಿದ್ದು ನಮ್ಮ ಪಕ್ಕದ ಒಂದು ಗುಡಿ.

ಹಾಸನದಿಂದ ಬೇಲೂರಿನ ಕಡೆ ಹೋಗುವಾಗ ದೊಡ್ಡಗದ್ದವಳ್ಳಿ ಸಿಗುತ್ತದಲ್ಲ. ಅಲ್ಲಿ 1113ರ ಸುಮಾರಿಗೆ ಕಟ್ಟಿದ ಹೊಯ್ಸಳರ ಲಕ್ಷ್ಮೀದೇವಿ ಗುಡಿ ಇದೆ. ನಾಲ್ಕು ಗರ್ಭಗುಡಿ, ಅದರಲ್ಲಿ ಒಂದು ಕಾಳಿಯದು. ಆ ಕಾಳಿಯನ್ನು ಕಾಯುತ್ತ ಎರಡು ಬೇತಾಳ ನಿಂತಿವೆ. ಆಳೆತ್ತರದವು. ಪಕ್ಕೆಲುಬು ಎಣಿಸಬಹುದು. ಬೇಲೂರಿನ ಮದನಿಕೆಯರನ್ನು ನೋಡಿ ಬಂದ ಕಣ್ಣಿಗೆ ಅವು ಹೊಡೆದ ಹಾಗಾಗುತ್ತದೆ. ಸಂಜೆ ಬೆಳಕಿನಲ್ಲಿ ನಮ್ಮ ಗುಂಪನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಒಂದೇ ಪ್ರಶ್ನೆ ಕೇಳಿದೆ: "ಇದನ್ನು ನೋಡಿದರೆ ಹೆದರಿಕೆಯೋ, ಅಸಹ್ಯವೋ?" ಗುಂಪು ಎರಡಾಯಿತು.

ಆಗ ನಾಟ್ಯಶಾಸ್ತ್ರದ ಮಾತು ಹೇಳಿದೆ. ಭರತ ಭಯಾನಕ, ಬೀಭತ್ಸ ಅಂತ ಎರಡು ಬೇರೆ ರಸ ಇಟ್ಟಿದ್ದಾನೆ. ಒಂದಕ್ಕೆ ಬೇರು ಭಯ, ಇನ್ನೊಂದಕ್ಕೆ ಜುಗುಪ್ಸೆ. ಆದರೆ ಅಷ್ಟಕ್ಕೇ ಬಿಡುವುದಿಲ್ಲ. ಬೀಭತ್ಸದಿಂದಲೇ ಭಯಾನಕ ಹುಟ್ಟುತ್ತದೆ ಅನ್ನುತ್ತಾನೆ. ಭಯಾನಕ ಹುಟ್ಟಿಸುವ ಸಂಗತಿಗಳ ಪಟ್ಟಿಯನ್ನೂ ಕೊಡುತ್ತಾನೆ. ವಿಕಾರ ಸದ್ದು, ನರಿ ಗೂಬೆಗಳ ಕೂಗು, ಪಾಳುಮನೆ, ಕಾಡು. ನೋಡಿ, ಇವತ್ತಿನ ಎಷ್ಟು ಸಿನಿಮಾ ಇದೇ ಪಟ್ಟಿ ಹಿಡಿದು ನಡೆಯುತ್ತವೆ! ಅಮೆರಿಕದ ನೋಯೆಲ್ ಕ್ಯಾರೊಲ್ 1990ರಲ್ಲಿ ಹಾರರ್ ಬಗ್ಗೆ ಒಂದು ಪುಸ್ತಕ ಬರೆದರು. ಅವರ ಪ್ರಕಾರ ಹಾರರ್‌ನ ರಾಕ್ಷಸ ಪ್ರಾಣಿ ಅಪಾಯವೂ ಹೌದು, ಹೇಸಿಗೆಯೂ ಹೌದು. ಎರಡೂ ಸೇರಿದರೇ ಹಾರರ್. ಅಂದರೆ ಭರತ ಒಂದರ ಪಕ್ಕ ಒಂದು ಇಟ್ಟದ್ದನ್ನು ಇವರು ಒಂದೇ ಮೈಯೊಳಗೆ ತಂದರು. ಇದು ನನ್ನ ಓದು, ಒಪ್ಪದವರು ವಾದ ಮಾಡಲಿ. ನಾವು ಹಿಂದಿಯ 'ತುಂಬಾಡ್' (2018) ನೋಡಿ ಇದನ್ನು ಪರೀಕ್ಷೆ ಮಾಡಿದೆವು. ಅದರಲ್ಲಿ ಬರುವ ಅಜ್ಜಿಯ ಮೈ ನೋಡಿದಾಗ ಮೊದಲು ಬಂದದ್ದು ಯಾವುದು, ಆಮೇಲೆ ಬಂದದ್ದು ಯಾವುದು? ಚೀಟಿ ಇದಕ್ಕೂ ಬರುತ್ತದೆ.

ಇನ್ನೊಬ್ಬರನ್ನು ಮಾತ್ರ ಹೇಳುತ್ತೇನೆ, ಫ್ರಾನ್ಸಿನ ಸಾಹಿತ್ಯ ವಿಮರ್ಶಕ ತೊಡೊರೊವ್. 1970ರಲ್ಲಿ ಅವರು ಹೇಳಿದ್ದು ಇಷ್ಟು: ಕಥೆಯಲ್ಲಿ ನಡೆದದ್ದು ನಿಜವಾದ ದೆವ್ವವೋ, ಮನಸ್ಸಿನ ಭ್ರಮೆಯೋ ಅಂತ ಓದುಗ ತೂಗಾಡುತ್ತಾನಲ್ಲ, ಆ ತೂಗಾಟವೇ ಇಂಥ ಕಥೆಯ ಜೀವ. ನಿಮ್ಮ ಗುಂಪಿಗೆ ಇದು ಸುಲಭದ ಸಾಧನ. ಸಿನಿಮಾ ಎಷ್ಟು ಹೊತ್ತು ತೂಗಾಡಿಸಿತು? ಯಾವಾಗ ಕೆಳಗಿಳಿಸಿತು? ಇಳಿಸಿದ ಮೇಲೂ ಹೆದರಿಕೆ ಉಳಿಯಿತಾ?

ಒಂದು ಸಂಜೆಗೆ ಒಂದೇ ಸಾಧನ ತನ್ನಿ. ನಾನು ಮೊದಲು ನಾಲ್ಕು ತರುತ್ತಿದ್ದೆ.

ಮೂಡಿಗೆರೆಯಿಂದ ಒಬ್ಬ ಗೃಹಿಣಿ:

ಮೇಲಿನವರೆಲ್ಲ ಹೇಗೆ ಮಾತಾಡಬೇಕು ಅಂತ ಹೇಳಿದರು. ಯಾರ ಮುಂದೆ ಮಾತಾಡುತ್ತಿದ್ದೇವೆ ಅನ್ನುವುದೂ ಮುಖ್ಯ ಅಲ್ವಾ?

ನಮ್ಮ ಗುಂಪಿನಲ್ಲಿ ಒಮ್ಮೆ ಮೈಮೇಲೆ ದೆವ್ವ ಬರುವ ಸಿನಿಮಾ ಹಾಕಿದ್ದರು. ಒಬ್ಬಾಕೆ ಅರ್ಧಕ್ಕೆ ಎದ್ದು ಹಿತ್ತಿಲಿಗೆ ಹೋದಳು. ನಾನು ಹಿಂದೆ ಹೋದೆ. ಅವಳ ಅಕ್ಕನಿಗೆ ಮದುವೆಯಾದ ಹೊಸದರಲ್ಲಿ ಏನೋ ಮೆಟ್ಟಿಕೊಂಡಿದೆ ಅಂತ ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋಗಿ ಬೇವಿನ ಸೊಪ್ಪಿನಲ್ಲಿ ಹೊಡೆಸಿದ್ದರಂತೆ. ಆ ಅಕ್ಕನಿಗೆ ಆಗ ಬೇಕಾಗಿದ್ದದ್ದು ಡಾಕ್ಟರು, ನಿದ್ದೆ, ಅಮ್ಮನ ಮನೆ. ನಮಗೆ ಅದು ಸಿನಿಮಾ. ಅವಳಿಗೆ ಅದು ಮನೆಯಲ್ಲಿ ನಡೆದದ್ದು. ಅಂದಿನಿಂದ ಮೊದಲೇ ಹೇಳುತ್ತೇವೆ: ಇದರಲ್ಲಿ ಇಂಥದ್ದು ಇದೆ, ಬೇಡ ಅನ್ನಿಸಿದವರು ಬೇಡ ಅನ್ನಬಹುದು, ಕಾರಣ ಹೇಳಬೇಕಾಗಿಲ್ಲ.

ಆಕೆ ಮುಂದಿನ ತಿಂಗಳು ತಾನಾಗಿಯೇ ಬಂದಳು. ಅವಳೇ ಕೇಳಿದ ಪ್ರಶ್ನೆ ಇದು: "ನಮ್ಮ ದೆವ್ವಗಳು ಜಾಸ್ತಿ ಹೆಂಗಸರೇ ಯಾಕೆ?" ಮೋಹಿನಿ, ನಾಗವಲ್ಲಿ, 'ನಾ ನಿನ್ನ ಬಿಡಲಾರೆ'ಯ (1979) ಕಾಮಿನಿ. ಬದುಕಿದ್ದಾಗ ಮಾತಾಡಲು ಬಿಡದಿದ್ದ ಹೆಂಗಸು ಸತ್ತ ಮೇಲೆ ಮಾತಾಡುತ್ತಾಳೆ. ಆಗಲೂ ಅವಳನ್ನು ಕಟ್ಟಿಹಾಕಿದರೇ ಕಥೆ ಮುಗಿಯುವುದು. ಗಂಡಸರು ಅದನ್ನು ಸುಖಾಂತ ಅಂದರು. ನಮ್ಮಲ್ಲಿ ಮೂವರಿಗೆ ಹಾಗೆ ಅನ್ನಿಸಲಿಲ್ಲ. ಕರೋಲ್ ಕ್ಲೋವರ್ ಎಂಬ ವಿದ್ವಾಂಸೆ ಅಮೆರಿಕದ ಕೊಲೆಗಾರ ಸಿನಿಮಾಗಳಲ್ಲಿ ಕೊನೆಗೆ ಉಳಿಯುವ ಹುಡುಗಿಯ ಬಗ್ಗೆ ಬರೆದಿದ್ದಾರೆ ಅಂತ ಮಗಳು ಹೇಳಿದಳು. ನೋಡುವ ಗಂಡುಹುಡುಗರೂ ಆ ಹುಡುಗಿಯ ಪಕ್ಷ ಸೇರುತ್ತಾರಂತೆ. ನಮ್ಮ ಸಿನಿಮಾದಲ್ಲಿ ನಾವು ಯಾರ ಪಕ್ಷ ಸೇರುತ್ತೇವೆ, ಹೆದರುವವಳದ್ದೋ ಹೆದರಿಸುವವಳದ್ದೋ? ಇದನ್ನು ಗುಂಪಿನಲ್ಲಿ ಹೆಂಗಸರು ಮೊದಲು ಹೇಳಲಿ. ಅಷ್ಟು ಮಾಡಿದರೂ ಚರ್ಚೆಯ ದಿಕ್ಕೇ ಬದಲಾಗುತ್ತದೆ.

ಕಳಸದಿಂದ:

ನಂಬುವವರನ್ನು ಹೀಯಾಳಿಸಬೇಡಿ. ನಮ್ಮ ಕಡೆ ಚೌಡಿಗೆ, ಭೂತಕ್ಕೆ ಬನ ಇದೆ, ಹರಕೆ ಇದೆ. ಅದು ಹಾರರ್ ಅಲ್ಲ, ಊರಿನ ನಡೆ. ದೈವದ ಕಥೆ ಇರುವ ಸಿನಿಮಾ ನೋಡಿದಾಗ ನಮ್ಮ ಅಪ್ಪ ಕೈ ಮುಗಿದರು, ನನ್ನ ಬೆಂಗಳೂರಿನ ಗೆಳೆಯ ಹೆದರಿದ. ಇಬ್ಬರು ನೋಡಿದ್ದೂ ಒಂದೇ ದೃಶ್ಯ. ಯಾಕೆ ಹೀಗಾಯಿತು ಅಂತ ಮಾತಾಡಿದರೆ ಒಂದು ಸಂಜೆ ಸಾಕಾಗುವುದಿಲ್ಲ.

ಇನ್ನು ಹೆದರಿಕೆಗೆ ದೆವ್ವವೇ ಬೇಕಾಗಿಲ್ಲ. ಕುದುರೆಮುಖ ನಮಗೆ ಹತ್ತಿರ. 2005ರ ಕೊನೆಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತಿತು. ಆಮೇಲೆ ಊರು ಖಾಲಿಯಾಗುತ್ತ ಹೋಯಿತು. ಸಾಲು ಮನೆಗಳು, ಒಳಗೆ ಯಾರೂ ಇಲ್ಲ. ಅಲ್ಲಿ ನಿಂತಾಗ ಆಗುವುದು ಭಯ ಅಲ್ಲ, ಬೇರೆ ಏನೋ. ಇಂಗ್ಲೆಂಡಿನ ಬರಹಗಾರ ಮಾರ್ಕ್ ಫಿಶರ್ ಇದನ್ನು ಸರಿಯಾಗಿ ಹಿಡಿದಿದ್ದಾರೆ. ಇರಬೇಕಾದ್ದು ಇಲ್ಲದಿರುವುದು, ಇಲ್ಲದಿರಬೇಕಾದ್ದು ಇರುವುದು, ಈ ಎರಡರಿಂದ ಅಂಥ ಅನುಭವ ಬರುತ್ತದೆ ಅನ್ನುತ್ತಾರೆ. ನಾನು ಆ ಮಾತು ಓದಿದ್ದು ಆಮೇಲೆ. ಆ ರಸ್ತೆಯಲ್ಲಿ ನಡೆದದ್ದು ಮೊದಲು.

ಅರಸೀಕೆರೆಯಿಂದ:

ನೀವು ಕಥೆಯನ್ನೂ ಓದುತ್ತೇವೆ ಅಂದಿರಿ, ಅದಕ್ಕೆ ಒಂದು ಮಾತು. ಮನಸ್ಸಿನಲ್ಲೇ ಓದಿಕೊಂಡು ಬರಬೇಡಿ. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ದೀಪ ಒಂದೇ ಇರಲಿ.

ನಾವು ಓದಿದ್ದು ಬೇಟೆಗಾರ ಕೆನೆತ್ ಆಂಡರ್ಸನ್ ಬರೆದ ಕರಡಿಯ ಕಥೆ. ನಮ್ಮ ಅರಸೀಕೆರೆಯ ನಾಗವಾರ ಗುಡ್ಡಗಳ ಕರಡಿ. ಕನಿಷ್ಠ 12 ಜನರನ್ನು ಕೊಂದಿತ್ತು. ತಮ್ಮ ಗೆಳೆಯನ ಮಗನನ್ನೇ ಅದು ಕೊಂದ ಮೇಲೆ ಆಂಡರ್ಸನ್ ಬರುತ್ತಾರೆ. ಓದುತ್ತಿದ್ದವರು ನಮ್ಮ ಗುಡ್ಡದ ಹೆಸರು ಹೇಳಿದ ಕೂಡಲೇ ಕೋಣೆ ತಣ್ಣಗಾಯಿತು. ಇದು ಬೇಟೆಯ ಕಥೆ, ಹಾರರ್ ಅಲ್ಲ ಅಂತ ಒಬ್ಬರ ವಾದ. ಕತ್ತಲಲ್ಲಿ ಏನೋ ಇದೆ, ಅದು ಏನು ಮಾಡುತ್ತದೆ ಅಂತ ಗೊತ್ತಿಲ್ಲ, ಹಾರರ್‌ಗೆ ಇನ್ನೇನು ಬೇಕು ಅಂತ ನನ್ನ ವಾದ. ಮೂಡಿಗೆರೆಯಲ್ಲಿ ಬದುಕಿದ ತೇಜಸ್ವಿ ಆಂಡರ್ಸನ್‌ನನ್ನು 'ಕಾಡಿನ ಕಥೆಗಳು' ಮಾಡಿ ಕನ್ನಡಕ್ಕೆ ತಂದಿದ್ದಾರೆ. ಗಟ್ಟಿಯಾಗಿ ಓದಲು ಅದಕ್ಕಿಂತ ಒಳ್ಳೆಯ ಕನ್ನಡ ನನಗೆ ಸಿಕ್ಕಿಲ್ಲ.

ಮೂಲತಃ ಕೇಳಿದವರು, ಹಾಸನ:

ಎಲ್ಲರಿಗೂ ತುಂಬಾ ಧನ್ಯವಾದ. ಎಲ್ಲವನ್ನೂ ಎಂ.ಎ. ಗೆಳೆಯರಿಗೆ ಓದಿ ಹೇಳಿದೆ. ಚೀಟಿ ತಾವೇ ಕತ್ತರಿಸಿಕೊಂಡು ಬರುತ್ತೇನೆ ಅಂದರು. ಈ ಶನಿವಾರ 'ನಾ ನಿನ್ನ ಬಿಡಲಾರೆ' ಹಾಕುತ್ತೇವೆ. ಏನಿದೆ ಅಂತ ಮೊದಲೇ ಎಲ್ಲರಿಗೂ ಹೇಳಿದ್ದೇನೆ. ಒಬ್ಬರು ಈ ಸಲ ಬೇಡ ಅಂದರು, ಕಾರಣ ಕೇಳಲಿಲ್ಲ. ಭಾನುವಾರ ಅವರೂ ಸೇರಿ ದೊಡ್ಡಗದ್ದವಳ್ಳಿಗೆ ಹೋಗುತ್ತೇವೆ. ಬೇತಾಳಗಳ ಮುಂದೆ ನಿಂತಾಗ ಯಾರಿಗೆ ಏನಾಯಿತು ಅಂತ ಬಂದು ಬರೆಯುತ್ತೇನೆ.