ಕಂಫರ್ಟ್ ಮೋಡ್‌ನಲ್ಲೂ ಗಾಡಿ ಎತ್ತಿಹಾಕುತ್ತೆ, ನಾಲ್ಕೂ ಶಾಕಪ್ ಬದಲಿಸಬೇಕಾ?

ಬೆಣ್ಣೆನಗರಿ (ದಾವಣಗೆರೆ):
ಸೆಕೆಂಡ್ ಹ್ಯಾಂಡ್ ಸೆಡಾನ್, ಎಲೆಕ್ಟ್ರಾನಿಕ್ ಶಾಕಪ್ ಇರೋದು. ಹೋದ ತಿಂಗಳವರೆಗೆ ಹೈವೇ 48ರಲ್ಲಿ ಚಿತ್ರದುರ್ಗಕ್ಕೆ ಹೊರಟರೆ ಅಮ್ಮ ಹಿಂದಿನ ಸೀಟಲ್ಲಿ ನಿದ್ದೆ ಹೊಡೆಯುತ್ತಿದ್ದರು. ಮಳೆ ಬಿದ್ದಾಗ ಜಗಳೂರು ಕಡೆ ಮೆಕ್ಕೆಜೋಳದ ಹೊಲಕ್ಕೆ ಗಾಡಿ ಇಳಿಸಿದೆ, ತಪ್ಪು ನನ್ನದೇ. ಅವತ್ತಿಂದ ಸೇತುವೆಯ ಒಂದೊಂದು ಜಾಯಿಂಟೂ ಸೊಂಟಕ್ಕೆ ಹೊಡೆಯುತ್ತೆ. ಸಸ್ಪೆನ್ಷನ್ ಲೈಟ್ ಆರುತ್ತಿಲ್ಲ. ಕಂಫರ್ಟ್, ಸ್ಪೋರ್ಟ್ ಎರಡೂ ಒಂದೇ ಥರ. ಗ್ಯಾರೇಜ್‌ನವರು ನಾಲ್ಕೂ ಶಾಕಪ್ ಹೋಗಿದೆ, ಬದಲಿಸಿ ಅಂತಾರೆ. ರೇಟ್ ಕೇಳಿ ಊಟ ಸೇರಲಿಲ್ಲ.

ಕೋಟೆಹುಡುಗ (ಚಿತ್ರದುರ್ಗ):
ಅಣ್ಣಾ, ಸದ್ಯಕ್ಕೆ ದುಡ್ಡು ಕೊಡಬೇಡಿ. ನಾಲ್ಕೂ ಒಂದೇ ದಿನ ಸಾಯೋದು ಅಪರೂಪ. ಆಯಿಲ್ ಲೀಕ್ ಇದೆಯಾ?

ಈ ಶಾಕಪ್ ಒಳಗೆ ಕರೆಂಟ್‌ನಲ್ಲಿ ಕೆಲಸ ಮಾಡುವ ವಾಲ್ವ್ ಇರುತ್ತೆ. ಆಯಿಲ್ ಹಾದುಹೋಗುವ ದಾರಿಯನ್ನು ಕ್ಷಣಕ್ಷಣಕ್ಕೂ ಹಿರಿದು ಕಿರಿದು ಮಾಡುತ್ತೆ. ಎಷ್ಟು ಅನ್ನೋದನ್ನು ಕಂಪ್ಯೂಟರ್ ಸೆನ್ಸರ್ ನೋಡಿ ಹೇಳಬೇಕು. ಸೆನ್ಸರ್ ಲೆಕ್ಕ ತಪ್ಪಿದರೆ ಕಂಪ್ಯೂಟರ್ ಸುಮ್ನೆ ಕೈ ಎತ್ತಿಬಿಡುತ್ತೆ. ಆಗ ಬಹಳ ಗಾಡಿಗಳಲ್ಲಿ ಶಾಕಪ್ ಗಟ್ಟಿಯಾಗಿಯೇ ನಿಲ್ಲುತ್ತೆ. ಗಟ್ಟಿ ಶಾಕಪ್ 4ರಿಂದ 8 ಹರ್ಟ್ಜ್, ಅಂದರೆ ಸೆಕೆಂಡಿಗೆ 4ರಿಂದ 8 ಸಲದ ಕುಲುಕಾಟವನ್ನು ಜಾಸ್ತಿ ಒಳಗೆ ಬಿಡುತ್ತೆ. ಕೂತವರ ಮೈಗೆ ಹೆಚ್ಚು ಹಿಂಸೆ ಅದೇ.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಚಕ್ರದ ತೋಳಿನಿಂದ ಬಾಡಿ ಕಡೆಗೆ ಪೆನ್ನಿನಷ್ಟು ದಪ್ಪದ ಒಂದು ಕಡ್ಡಿ ಹೋಗಿರುತ್ತೆ, ಹೈಟ್ ಸೆನ್ಸರ್ ಲಿಂಕ್. ಬಾಡಿ ಎಷ್ಟು ಎತ್ತರದಲ್ಲಿದೆ ಅಂತ ಸೆನ್ಸರ್‌ಗೆ ಗೊತ್ತಾಗೋದು ಅದರಿಂದಲೇ, ಕಳಚಿದೆಯಾ ನೋಡಿ. ಅದು ಸರಿ ಇದ್ದರೆ ಶಾಕಪ್ ಕನೆಕ್ಟರ್ ಬಿಚ್ಚಿ ಹಸಿರು ಕಿಲುಬು ಹುಡುಕಿ. ಮಲ್ಟಿಮೀಟರ್ ಇದ್ದರೆ ಒಂದೇ ಆಕ್ಸಲ್‌ನ ಎಡ ಬಲದ ಓಮ್ಸ್ ಹೋಲಿಸಿ, ಹೆಚ್ಚುಕಮ್ಮಿ ಒಂದೇ ಬರಬೇಕು.

ಬೆಣ್ಣೆನಗರಿ:
ಲೀಕ್ ಇಲ್ಲ. ಹಿಂದಿನ ಬಲಗಡೆ ಲಿಂಕ್ ತುದಿಯ ಬಾಲ್ ಅದರ ಕಪ್‌ನಿಂದ ಕಳಚಿ ನೇತಾಡುತ್ತಿತ್ತು! ಸುತ್ತ ಎರೆಮಣ್ಣು ಇಟ್ಟಿಗೆ ಆಗಿತ್ತು, ಸ್ಕ್ರೂಡ್ರೈವರ್‌ನಲ್ಲಿ ಕೆತ್ತಬೇಕಾಯಿತು. ಹೊಸ ಲಿಂಕ್ ಹಾಕಿಸಿ ಸ್ಕ್ಯಾನರ್‌ನಲ್ಲಿ ಎರರ್ ಅಳಿಸಿ ಹೈಟ್ ಸೆಟ್ ಮಾಡಿಸಿದೆ. ಲೈಟ್ ಹೋಯಿತು, ಹಂಪ್ ಮೇಲೆ ತೇಲುತ್ತೆ. ಆದರೆ ಕಾಂಕ್ರೀಟ್ ರಸ್ತೆಯಲ್ಲಿ ಸಣ್ಣ ದಡದಡ ಇನ್ನೂ ಇದೆ.

ಕೋಟೆಹುಡುಗ:
ಅದು ಬೇರೆ ಕತೆ. ಇಂಥ ಸಸ್ಪೆನ್ಷನ್‌ಗೆ ಸ್ಕೈಹುಕ್ ಅನ್ನೋ ಲೆಕ್ಕವನ್ನು 1974ರಲ್ಲಿ ಕಾರ್ನಾಪ್ ಅನ್ನೋ ಎಂಜಿನಿಯರ್ ಮತ್ತು ಜೊತೆಗಾರರು ಬರೆದರು. ಬಾಡಿಯನ್ನು ಆಕಾಶಕ್ಕೆ ಶಾಕಪ್ ಹಾಕಿ ಕಟ್ಟಿದ್ದೇವೆ ಅಂದುಕೊಳ್ಳೋದು, ಅಷ್ಟೇ. ಸೆಕೆಂಡಿಗೆ ಒಂದೆರಡು ಸಲ ಏಳೋ ಬೀಳೋ ತೂಗಾಟಕ್ಕೆ ಅದು ಚೆನ್ನಾಗಿ ಒದಗುತ್ತೆ. ಚಕ್ರ 10-15 ಸಲ ಅದುರೋದಕ್ಕೆ ಅಷ್ಟಾಗಿ ಅಲ್ಲ, ಅಲ್ಲಿ ಟೈರ್, ಬುಷ್ (ಜೋಡಣೆಯಲ್ಲಿರೋ ರಬ್ಬರ್) ನೋಡಬೇಕು. ಗಾಳಿ ಎಷ್ಟಿದೆ?

ಬೆಣ್ಣೆನಗರಿ:
40! ಬಾಗಿಲ ಸ್ಟಿಕ್ಕರ್‌ನಲ್ಲಿ 33 ಅಂತಿದೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಇಳಿಸಿದೆ, ಅರ್ಧ ದಡದಡ ಹೋಯಿತು. ಎಡಗಡೆ ಲಿಂಕೂ ಸಡಿಲ ಇದೆ, ಅದನ್ನೂ ತರಿಸುತ್ತಿದ್ದೇನೆ.