ಅಪ್‌ಡೇಟ್: ಬ್ಯಾಲೆನ್ಸಿಂಗ್ ಮಾಡಿಸಿದ ಮೇಲೂ ಸ್ಟೇರಿಂಗ್ ನಡುಗುತ್ತಿದ್ದದ್ದು
ಉಡುಪಿ–ಮಂಗಳೂರು ಹೈವೇಯಲ್ಲಿ 80 ದಾಟಿದರೆ ಕಾರಿನ ಸ್ಟೇರಿಂಗ್ ನಡುಗುತ್ತದೆ, ವೀಲ್ ಬ್ಯಾಲೆನ್ಸಿಂಗ್ (ರಿಮ್ಮಿಗೆ ಸಣ್ಣ ತೂಕ ಹಾಕಿ ಚಕ್ರದ ಭಾರ ಸುತ್ತಲೂ ಸಮ ಮಾಡುವುದು) ಮಾಡಿಸಿ ವಾರವೂ ಆಗಿಲ್ಲ ಅಂತ ಕೇಳಿದ್ದೆ. ಕಾರಣ ಸಿಕ್ಕಿತು: ರಿಮ್ಮಿನ ಒಳಮೈಗೆ ಅಂಟಿ ಒಣಗಿದ್ದ ಕೆಂಪು ಮಣ್ಣು. ಅದನ್ನು ಕೆರೆಯದೇ ತೂಕ ಹಾಕಿದ್ದರು. ಹೆಂಟೆ ಉದುರಿದ್ದೇ ತಡ, ಲೆಕ್ಕ ತಪ್ಪಿತು.

ಈ ಸಲ ಹಳೇ ತೂಕ ಪೂರ್ತಿ ಕಿತ್ತು, ರಿಮ್ ತೊಳೆದು, ಗಾಳಿ ಸರಿಮಾಡಿ ಮೆಶಿನ್ನಿಗೆ ಹಾಕಿದ್ದು. ಎಡ ಮುಂದಿನ ಚಕ್ರ ಒಳಗೆ 45 ಗ್ರಾಂ, ಹೊರಗೆ 20 ಕೇಳಿತು. ತೂಕ ಹಾಕಿದ ಮೇಲೆ ಇನ್ನೊಮ್ಮೆ ತಿರುಗಿಸಿ ಮೆಶಿನ್ ಎರಡೂ ಕಡೆ ಸೊನ್ನೆ ತೋರಿಸುತ್ತದೆಯೇ ಅಂತ ನೋಡಲೇಬೇಕು. ಹೆಚ್ಚಿನವರು ಇದನ್ನೇ ಬಿಡುವುದು.

ಅಲಾಯ್‌ ರಿಮ್ಮಿಗೆ ಅಂಟಿಸುವ ತೂಕವಾದರೆ ಜಾಗವನ್ನು ಮೊದಲು ಸ್ಪಿರಿಟ್‌ನಲ್ಲಿ ಒರೆಸಿಸಿ, ಇಲ್ಲದಿದ್ದರೆ ನಮ್ಮ ಮಳೆಗೆ ನಿಲ್ಲುವುದಿಲ್ಲ. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡುವುದು) ಮಾಡಿಸಿ ಅಂದವರಿಗೆ: ಅದು ಗಾಡಿ ಒಂದು ಕಡೆ ಎಳೆಯುವುದಕ್ಕೆ ಮದ್ದು, ಈ ನಡುಕಕ್ಕಲ್ಲ. ಈಗ 100ರಲ್ಲೂ ಸ್ಟೇರಿಂಗ್ ಅಲ್ಲಾಡುತ್ತಿಲ್ಲ.